ನಮ್ಮ ಬ್ಯಾಂಡಿನ ಹಾಡುಗಳನ್ನು ಆಡಿಯೊ ಕಂಪನಿಯೊಂದು ತೆಗೆದುಕೊಳ್ಳಬೇಕಾದರೆ ಏನು ಮಾಡಬೇಕು?

ನಾಲ್ವರು ಗೆಳೆಯರು ಸೇರಿ ಹುಬ್ಬಳ್ಳಿಯಲ್ಲಿ ಬ್ಯಾಂಡ್ ಕಟ್ಟಿದ್ದೀರಿ; ಶಿಶುನಾಳ ಶರೀಫರ ಎರಡು ತತ್ವಪದಗಳನ್ನೂ ನಿಮ್ಮದೇ ನಾಲ್ಕು ಹಾಡುಗಳನ್ನೂ ಧ್ವನಿಮುದ್ರಿಸಿ ಹಲವು ಆಡಿಯೊ ಕಂಪನಿಗಳಿಗೆ ಕಳಿಸಿದ್ದೀರಿ; ಒಬ್ಬರಿಂದಲೂ ಉತ್ತರ ಬಂದಿಲ್ಲ, ಮುಂದೇನು ಎಂಬುದು ನಿಮ್ಮ ಪ್ರಶ್ನೆ. ಬೆಂಗಳೂರಿನಲ್ಲಿ ಕೆಲವು ಸ್ವತಂತ್ರ ಬ್ಯಾಂಡ್‌ಗಳ ಕಾರ್ಯಕ್ರಮ, ಧ್ವನಿಮುದ್ರಣ ಮತ್ತು ಕರಾರುಗಳ ಕೆಲಸ ನೋಡಿಕೊಳ್ಳುವವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಉತ್ತರ ಬಾರದ ಮಾತ್ರಕ್ಕೆ ಹಾಡುಗಳು ಚೆನ್ನಾಗಿಲ್ಲವೆಂದು ದಯವಿಟ್ಟು ತೀರ್ಮಾನಿಸಬೇಡಿ. ಕನ್ನಡದ ಆಡಿಯೊ ಕಂಪನಿಗಳು ಬಹುಮಟ್ಟಿಗೆ ನಡೆಯುವುದು ಚಿತ್ರಗೀತೆಗಳಿಂದ. ಜೊತೆಗೆ ಭಕ್ತಿಗೀತೆ, ಭಾವಗೀತೆ, ಜನಪದಗೀತೆಗಳ ಹಳೆಯ ಸಂಗ್ರಹವಿರುತ್ತದೆ. ಸಿನಿಮಾ ಹಾಡಿನ ಪ್ರಚಾರಕ್ಕೆ ಚಿತ್ರದ ನಿರ್ಮಾಪಕರೂ ಹಣ ಹಾಕುತ್ತಾರೆ, ನಾಯಕನ ಅಭಿಮಾನಿಗಳು ಮೊದಲ ದಿನವೇ ಅದನ್ನು ಕೇಳುತ್ತಾರೆ. ಹೊಸ ಬ್ಯಾಂಡಿಗೆ ಇವೆರಡೂ ಇರುವುದಿಲ್ಲವಾದ್ದರಿಂದ ಕಂಪನಿಯವರು ಮುಖ್ಯವಾಗಿ ನೋಡುವುದು ಎರಡು ಸಂಗತಿಗಳನ್ನು: ಈ ಹಾಡುಗಳಿಗೆ ಈಗಾಗಲೇ ಕೇಳುಗರಿದ್ದಾರೆಯೇ, ಮತ್ತು ಇವುಗಳ ಹಕ್ಕು ತಕರಾರಿಲ್ಲದೆ ಕೈಗೆ ಬರುತ್ತದೆಯೇ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದರ ಬಗ್ಗೆ ಹೆಚ್ಚಿನ ಬ್ಯಾಂಡ್‌ಗಳು ಯೋಚಿಸಿಯೇ ಇರುವುದಿಲ್ಲ. ನಾನು ಕಂಡಂತೆ ಮಾತುಕತೆ ಮುರಿದು ಬೀಳುವುದು ಹೆಚ್ಚಾಗಿ ಅಲ್ಲಿಯೇ.

ಕೇಳುಗರ ವಿಷಯದಲ್ಲಿ ರಘು ದೀಕ್ಷಿತ್ ಅವರ ಉದಾಹರಣೆ ನಿಮಗೆ ಹತ್ತಿರದ್ದು, ಏಕೆಂದರೆ ಅವರೂ ಶರೀಫರ ಪದಗಳನ್ನು ಬ್ಯಾಂಡಿನೊಂದಿಗೆ ಹಾಡಿದವರು. ವರ್ಷಗಟ್ಟಲೆ ಕಂಪನಿಗಳಿಂದ ಇಲ್ಲವೆನ್ನಿಸಿಕೊಂಡ ಮೇಲೆ 2008ರಲ್ಲಿ ಅವರ ಮೊದಲ ಆಲ್ಬಂ ಬಂದದ್ದು ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಲೇಬಲ್‌ನಿಂದ, ಅಂದರೆ ಸಂಗೀತಗಾರರೇ ಸಂಗೀತಗಾರನನ್ನು ಗುರುತಿಸಿದ್ದರಿಂದ. ಬೆಂಗಳೂರಿನ ಸ್ವರಾತ್ಮ 2006ರಲ್ಲಿ ರೇಡಿಯೊ ಸಿಟಿಯ ಬ್ಯಾಂಡ್ ಸ್ಪರ್ಧೆಯನ್ನು ಗೆದ್ದಿತ್ತಾದರೂ ಅದರ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಹಾಗಾಗಿ ಕಂಪನಿಗಳ ಸಾಮಾನ್ಯ ವಿಳಾಸಕ್ಕೆ ಮತ್ತೆ ಮತ್ತೆ ಇಮೇಲ್ ಕಳಿಸುವ ಬದಲು, ಕಾಲೇಜು ಹಬ್ಬ, ಗಣೇಶೋತ್ಸವ, ಮೈಸೂರಿನ ಯುವ ದಸರಾ, ಬೆಂಗಳೂರಿನ ಸಣ್ಣ ಸಭಾಂಗಣ ಎನ್ನದೆ ಸಿಕ್ಕ ವೇದಿಕೆಯಲ್ಲೆಲ್ಲ ಹಾಡಿರಿ. ನಿಮಗಿಂತ ಸ್ವಲ್ಪ ಮುಂದಿರುವ ಬ್ಯಾಂಡಿನ ಕಾರ್ಯಕ್ರಮಕ್ಕೆ ಮೊದಲು ಅರ್ಧ ಗಂಟೆ ಹಾಡಲು ಅವಕಾಶ ಕೇಳಿ. ಕಂಪನಿಯವರ ಕಿವಿಗೆ ಹೊಸ ಹೆಸರು ಬೀಳುವುದು ಸಾಮಾನ್ಯವಾಗಿ ಇನ್ನೊಬ್ಬ ಸಂಗೀತಗಾರನ ಅಥವಾ ಸೌಂಡ್ ಎಂಜಿನಿಯರ್‌ನ ಬಾಯಿಂದ.

ಅವರು ಬಂದಾಗ ಏನನ್ನು ನೋಡುತ್ತಾರೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೈಸೂರಿನ ಕಾರ್ಯಕ್ರಮವೊಂದಕ್ಕೆ ಬಂದಿದ್ದ ಕಂಪನಿಯ ಪ್ರತಿನಿಧಿಯೊಬ್ಬರು ಮಿಕ್ಸರ್ ಇಟ್ಟಿದ್ದ ಮೇಜಿನ ಪಕ್ಕದಲ್ಲಿ ವೇದಿಕೆಗೆ ಬೆನ್ನು ಹಾಕಿ ನಿಂತು, ಹಿಂದಿನ ಸಾಲಿನ ಹುಡುಗರು ಪಲ್ಲವಿಯನ್ನಷ್ಟೇ ಅಲ್ಲದೆ ಎರಡನೆಯ ಚರಣವನ್ನೂ ಹಾಡುತ್ತಿದ್ದಾರೆಯೇ ಎಂದು ಗಮನಿಸುತ್ತಿದ್ದರು. ಚರಣ ಬಾಯಿಗೆ ಬಂದಿದ್ದರೆ ಅವರು ಮನೆಯಲ್ಲಿ ಹಾಡನ್ನು ಕೇಳಿದ್ದಾರೆಂದು ಅರ್ಥ. ಕಾರ್ಯಕ್ರಮ ಮುಗಿದ ಮೇಲೆ ಆ ಪ್ರತಿನಿಧಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, “ಇದರ ಸಾಹಿತ್ಯ ಯಾರದು, ರೆಕಾರ್ಡಿಂಗ್‌ಗೆ ದುಡ್ಡು ಹಾಕಿದವರು ಯಾರು?”

ಈ ಪ್ರಶ್ನೆಗೆ ನಿಮ್ಮ ಬಳಿ ಬರವಣಿಗೆಯಲ್ಲಿ ಉತ್ತರವಿರಬೇಕು. ಒಂದು ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಿಕೆ ಎಂಬ ಮೂರು ಬೇರೆ ಬೇರೆ ಹಕ್ಕುಗಳಿರುತ್ತವೆ. ಧ್ವನಿಮುದ್ರಿಕೆಯ ಹಕ್ಕು ಕಾನೂನಿನ ಪ್ರಕಾರ ಅದರ ನಿರ್ಮಾಪಕರದು, ಎಂದರೆ ಅದನ್ನು ಮಾಡಿಸಲು ಮುಂದಾಗಿ ಜವಾಬ್ದಾರಿ ಹೊತ್ತವರದು. ನಿಮ್ಮಲ್ಲೊಬ್ಬರ ಚಿಕ್ಕಪ್ಪ ಸ್ಟುಡಿಯೊ ಬಾಡಿಗೆ ಕೊಟ್ಟಿದ್ದರೆ, ಅದು ಕೊಡುಗೆಯೋ ಸಾಲವೋ ಪಾಲುದಾರಿಕೆಯೋ ಎಂಬುದನ್ನು ಒಂದು ಪತ್ರದಲ್ಲಿ ಬರೆಸಿಕೊಳ್ಳಿ. ಕೊಳಲು ನುಡಿಸಿ ಹೋದ ಅತಿಥಿ ಕಲಾವಿದರ ಒಪ್ಪಿಗೆಯನ್ನೂ ಹಾಗೆಯೇ ಪಡೆಯಿರಿ. ಪ್ರತಿ ಹಾಡಿನ ಸಾಹಿತ್ಯದಲ್ಲಿ, ರಾಗದಲ್ಲಿ ಯಾರ ಪಾಲು ಎಷ್ಟು, ನಾಳೆ ಒಬ್ಬರು ಬ್ಯಾಂಡ್ ಬಿಟ್ಟರೆ ಹೆಸರು ಯಾರಿಗೆ ಉಳಿಯುತ್ತದೆ ಎಂಬುದನ್ನು ನಾಲ್ವರೂ ಸ್ನೇಹ ಚೆನ್ನಾಗಿರುವಾಗಲೇ ಬರೆದು ಸಹಿ ಹಾಕುವುದು ಒಳ್ಳೆಯದು. ಹಣ ಬಂದ ಮೇಲೆ ಈ ಮಾತು ಎತ್ತುವುದು ಬಹಳ ಕಷ್ಟ.

ಶರೀಫರ ಪದಗಳ ವಿಷಯವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಶರೀಫರು ಕಾಲವಾದದ್ದು 1889ರಲ್ಲಿ. ಅವರ ಸಾಹಿತ್ಯವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಹಾಡಿರುವುದು ಸಿ. ಅಶ್ವತ್ಥ್ ಅವರು ಸಂಯೋಜಿಸಿದ ಧಾಟಿಯಲ್ಲಾದರೆ ಆ ಧಾಟಿಗೆ ಹಕ್ಕುಸ್ವಾಮ್ಯವಿದೆ: ಅಶ್ವತ್ಥ್ ನಿಧನರಾದದ್ದು 2009ರಲ್ಲಿ, ಮತ್ತು ನಮ್ಮ ಕಾನೂನಿನಲ್ಲಿ ರಚನೆಕಾರರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಮುಂದೆ ರಾಜರತ್ನಂ (ನಿಧನ 1979) ಅಥವಾ ಬೇಂದ್ರೆ (ನಿಧನ 1981) ಅವರ ಕವಿತೆಗಳನ್ನು ಎತ್ತಿಕೊಳ್ಳುವುದಾದರೆ ಸಾಹಿತ್ಯಕ್ಕೂ ಅನುಮತಿ ಬೇಕು. ನಿಮ್ಮ ಭಾಗದ ಭಜನಾ ಮೇಳಗಳಲ್ಲಿ ಉಳಿದಿರುವ ಹಳೆಯ ಧಾಟಿಯನ್ನು ಹಿಡಿದರೆ ಅಥವಾ ಹೊಸದಾಗಿ ನೀವೇ ರಾಗ ಹಾಕಿದರೆ ತೊಡಕು ತಪ್ಪುವುದಲ್ಲದೆ ಹಾಡಿಗೆ ನಿಮ್ಮದೇ ಗುರುತು ಬರುತ್ತದೆ.

ಕಂಪನಿಯೊಂದು ಒಪ್ಪುವವರೆಗೆ ಹಾಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಯಬೇಕಾಗಿಲ್ಲ. ದೆಹಲಿಯ ಇಂಡಿಯನ್ ಓಷನ್‌ನಂತಹ ಹೆಸರಾಂತ ಬ್ಯಾಂಡೇ 2010ರಲ್ಲಿ ತನ್ನ ಆಲ್ಬಂ ಅನ್ನು ತಿಂಗಳಿಗೊಂದು ಹಾಡಿನಂತೆ ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿತ್ತು. ಟ್ಯೂನ್‌ಕೋರ್, ಡಿಸ್ಟ್ರೊಕಿಡ್‌ನಂತಹ ವಿತರಕರ ಮೂಲಕ ನೀವೂ ಒಂದೊಂದೇ ಹಾಡನ್ನು ಸ್ಪಾಟಿಫೈ ಮುಂತಾದ ಕಡೆಗೆ ಕಳಿಸಬಹುದು, ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಹಾಡುಪಟ್ಟಿಗಳನ್ನು (ಪ್ಲೇಲಿಸ್ಟ್) ಆಯ್ದು ಕಟ್ಟುವ ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಸೂಚಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಅದು ಅಲ್ಲಿ ತಲುಪಿರಬೇಕು. ಪ್ರತಿ ಧ್ವನಿಮುದ್ರಣಕ್ಕೆ ಸಿಗುವ 12 ಅಕ್ಷರಾಂಕಗಳ ಐಎಸ್‌ಆರ್‌ಸಿ ಸಂಕೇತವನ್ನು ಬರೆದಿಟ್ಟುಕೊಳ್ಳಿ. ಹಾಡು ಮುಂದೆ ಕಂಪನಿಯ ಕೈಗೆ ಹೋದಾಗ ಅದೇ ಸಂಕೇತ ಮುಂದುವರಿದರೆ ಹಿಂದಿನ ಕೇಳಿಕೆಯ ಎಣಿಕೆಯನ್ನು ಉಳಿಸಿಕೊಳ್ಳಲು ಅನುಕೂಲ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನವನ್ನು ಸಂಗ್ರಹಿಸಿಕೊಡುವ ಸಂಘವಾದ ಐಪಿಆರ್‌ಎಸ್‌ನ ಸದಸ್ಯರಾಗುವುದೂ ಅಗತ್ಯ.

ಕರಾರು ಪತ್ರ ಬಂದ ದಿನ ಸಂತೋಷದಲ್ಲಿ ಸಹಿ ಹಾಕಬೇಡಿ. ಹಕ್ಕುಸ್ವಾಮ್ಯ ಬಲ್ಲ ವಕೀಲರಿಗೆ ತೋರಿಸಿ. ಹಕ್ಕುಸ್ವಾಮ್ಯ ಕಾಯ್ದೆಗೆ ಆದ 2012ರ ತಿದ್ದುಪಡಿಯ ನಂತರ, ಸಾಹಿತ್ಯ ಮತ್ತು ಸಂಗೀತ ರಚಿಸಿದವರು ರಾಯಧನದಲ್ಲಿ ತಮಗಿರುವ ಸಮಪಾಲಿನ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆವೆಂದು ಬರೆದಿದ್ದರೂ ಆ ಷರತ್ತು ನಿಲ್ಲುವುದಿಲ್ಲ. ಅವಧಿಯನ್ನು ನಮೂದಿಸದಿದ್ದರೆ ಹಕ್ಕು ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಆದರೆ ಕಂಪನಿಗಳ ಪತ್ರಗಳಲ್ಲಿ “ಶಾಶ್ವತವಾಗಿ, ವಿಶ್ವದಾದ್ಯಂತ” ಎಂಬ ಮಾತು ಮೊದಲೇ ಅಚ್ಚಾಗಿರುವುದು ಸಾಮಾನ್ಯ. ಅದನ್ನು ನಿರ್ದಿಷ್ಟ ವರ್ಷಗಳಿಗೆ ಇಳಿಸುವಂತೆ ಕೇಳಿ. ಕಾರ್ಯಕ್ರಮಗಳ ಗಳಿಕೆಯಲ್ಲಿ ಪಾಲು ಕೇಳುವ ಷರತ್ತಿದ್ದರೆ, ಅದಕ್ಕೆ ಪ್ರತಿಯಾಗಿ ಕಂಪನಿ ಕಾರ್ಯಕ್ರಮ ಕೊಡಿಸುತ್ತದೆಯೇ ಎಂದು ವಿಚಾರಿಸಿ. ಕೊಡಿಸದಿದ್ದರೆ ಆ ಷರತ್ತನ್ನು ತೆಗೆಸಿ. ಸಾಧ್ಯವಾದರೆ ಮೊದಲಿಗೆ ಒಂದೇ ಒಂದು ಹಾಡನ್ನು, ಅದೂ ಶರೀಫರದಲ್ಲದೆ ನಿಮ್ಮದೇ ರಚನೆಯನ್ನು ಕೊಟ್ಟು, ಅವರು ಪ್ರಚಾರ ಹೇಗೆ ಮಾಡುತ್ತಾರೆ, ಲೆಕ್ಕವನ್ನು ಸರಿಯಾಗಿ ಕಳಿಸುತ್ತಾರೆಯೇ ಎಂದು ನೋಡಿ, ಉಳಿದ ಹಾಡುಗಳ ಮಾತನ್ನು ಆಮೇಲೆ ಆಡಿ.