ಮನೆಯ ಕಂಪ್ಯೂಟರಿನಲ್ಲಿ ಫೈಟರ್ ಜೆಟ್ ಹಾರಿಸಿದರೆ ನಿಜವಾಗಿ ಏನಾದರೂ ಕಲಿಯುತ್ತೇವಾ, ಸುಮ್ನೆ ದುಡ್ಡು ದಂಡವಾ?

ಡಿಸಿಎಸ್ ವರ್ಲ್ಡ್ ಅನ್ನುವ ವಿಮಾನ ಸಿಮ್ಯುಲೇಟರ್ ಡೌನ್‌ಲೋಡ್ ಮಾಡಿ ಕೀಬೋರ್ಡಿನಲ್ಲಿ ಹಾರಿಸಲು ಹೋದೆ, ಐದು ನಿಮಿಷಕ್ಕೇ ನೆಲಕ್ಕೆ ಬಡಿದೆ, ಇದಕ್ಕೆ ಜಾಯ್‌ಸ್ಟಿಕ್ ತಗೊಳ್ಳುವುದು ದಂಡವಾ, ಇದರಿಂದ ವಿಮಾನ ಹಾರಿಸುವುದು ನಿಜಕ್ಕೂ ಬರುತ್ತದಾ ಅಂತ ಕೇಳಿದ್ದೀರಿ. ಐದು ನಿಮಿಷ ಪರವಾಗಿಲ್ಲ ಬಿಡಿ. ನಾನು ಮೊದಲ ದಿನ ರನ್‌ವೇವರೆಗೂ ಹೋಗಿರಲಿಲ್ಲ.

ನಾನು ಪೈಲಟ್ ಅಲ್ಲ. ಮೈಸೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಊಟ ಆಗಿ ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ ಇದರ ಮುಂದೆ ಕೂರುತ್ತೇನೆ. ಆರು ವರ್ಷ ಆಯಿತು. ಅದರಲ್ಲಿ ಹೆಚ್ಚೂಕಡಿಮೆ ಐದು ವರ್ಷ ಒಂದೇ ವಿಮಾನ, ಮಿಗ್-21ಬಿಸ್. ಚೆನ್ನಾಗಿರುವ ಎಫ್-16, ಎಫ್-18 ಎಲ್ಲ ಇರುವಾಗ ಈ ಹಳೇದು ಯಾಕೆ ಅಂತ ಕೇಳುತ್ತಾರೆ. ನಾವು ಸ್ಕೂಲಿಗೆ ಹೋಗುವ ಕಾಲದಲ್ಲಿ ಪೇಪರ್ ತೆರೆದರೆ ಆಗಾಗ ಮಿಗ್ ಬಿದ್ದ ಸುದ್ದಿ ಇರುತ್ತಿತ್ತು. ಅಷ್ಟು ದೊಡ್ಡ ತರಬೇತಿ ಪಡೆದವರ ಕೈಯಲ್ಲೂ ಇದು ಯಾಕೆ ಬೀಳುತ್ತದೆ ಅನ್ನುವ ಪ್ರಶ್ನೆ ತಲೆಯಲ್ಲೇ ಉಳಿದಿತ್ತು. ಸಿಮ್ಯುಲೇಟರ್ ಅದಕ್ಕೆ ಪೂರ್ತಿ ಉತ್ತರ ಕೊಟ್ಟಿತು ಅನ್ನಲಾರೆ. ಒಂದೊಂದು ಅಪಘಾತಕ್ಕೆ ಒಂದೊಂದು ಕಾರಣ, ಹಕ್ಕಿ, ಎಂಜಿನ್, ಹವೆ, ಮನುಷ್ಯ. ಆದರೆ ಆ ವಿಮಾನ ತನ್ನ ಪೈಲಟ್‌ನಿಂದ ಎಷ್ಟು ಕೇಳುತ್ತದೆ ಅನ್ನುವುದು ಮಾತ್ರ ಕೈಗೆ ಗೊತ್ತಾಯಿತು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ವಾರ್ ಥಂಡರ್ ಥರದ ಆಟಗಳಲ್ಲಿ ಮೌಸ್ ಎಲ್ಲಿಗೆ ತೋರಿಸುತ್ತೀರೋ ವಿಮಾನ ಅಲ್ಲಿಗೆ ಹೋಗುತ್ತದೆ. ಅದರ ಮಜಾ ಬೇರೆ, ನಾನೂ ಆಡುತ್ತೇನೆ. ಡಿಸಿಎಸ್‌ನ ಪೂರ್ಣ ಮಾಡ್ಯೂಲ್‌ಗಳಲ್ಲಿ, ಅಂದರೆ ಬೇರೆಯಾಗಿ ಕೊಳ್ಳುವ ಒಂದೊಂದು ವಿಮಾನದಲ್ಲಿ, ಕಾಕ್‌ಪಿಟ್‌ನ ಸ್ವಿಚ್ಚುಗಳನ್ನು ನಾವೇ ಒಂದೊಂದಾಗಿ ಹಾಕಬೇಕು. ಬ್ಯಾಟರಿ, ಜನರೇಟರ್, ಇನ್ವರ್ಟರ್, ಇಂಧನ ಪಂಪ್, ಬೆಂಕಿ ಆರಿಸುವುದರ ಸ್ವಿಚ್ಚು, ಇಷ್ಟೆಲ್ಲ ಆದ ಮೇಲೆ ಸ್ಟಾರ್ಟ್ ಗುಂಡಿ. ಯಾವುದಾದರೂ ಒಂದು ಮರೆತರೆ ಎಂಜಿನ್ ಸುಮ್ಮನೆ ಕೂರುತ್ತದೆ, ಇಲ್ಲ ಆಕಾಶಕ್ಕೆ ಹೋದ ಮೇಲೆ ಕೈಕೊಡುತ್ತದೆ.

ಮಿಗ್‌ನ ಇಂಧನದ ಮೀಟರ್ ನನಗೆ ತುಂಬಾ ಇಷ್ಟ. ಅದು ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಅಳೆಯುವುದೇ ಇಲ್ಲ. ಹೊರಡುವ ಮೊದಲು ಎಷ್ಟು ಲೀಟರ್ ತುಂಬಿಸಿದ್ದೇವೆ ಅಂತ ನಾವೇ ಗುಂಡಿ ತಿರುಗಿಸಿ ಮುಳ್ಳನ್ನು ಅಲ್ಲಿ ನಿಲ್ಲಿಸಬೇಕು. ಆಮೇಲೆ ಎಂಜಿನ್ ಕುಡಿದಷ್ಟನ್ನು ಅದು ಕಳೆಯುತ್ತಾ ಹೋಗುತ್ತದೆ. ಅಂದರೆ ನಮ್ಮ ಕ್ಯಾಶ್ ಬುಕ್ಕೇ. ಆರಂಭಿಕ ಶಿಲ್ಕು ತಪ್ಪು ಬರೆದರೆ ಸಂಜೆಯ ಶಿಲ್ಕೂ ತಪ್ಪು, ನಡುವೆ ಎಷ್ಟು ಸರಿಯಾಗಿ ಕೂಡಿ ಕಳೆದರೂ. ಒಮ್ಮೆ ಹೊರಗೆ ನೇತುಹಾಕುವ ಟ್ಯಾಂಕ್ ತೆಗೆಸಿ, ಮೀಟರನ್ನು ಹಳೇ ಅಂಕಿಯಲ್ಲೇ ಬಿಟ್ಟು ಹೊರಟಿದ್ದೆ. ಮುಳ್ಳು ಇನ್ನೂ ಬೇಕಾದಷ್ಟಿದೆ ಅನ್ನುತ್ತಿತ್ತು, ಎಂಜಿನ್ ನಿಂತಿತು. ಮೂವತ್ತು ವರ್ಷದಿಂದ ಲೆಕ್ಕ ಬರೆಯುವವನು ಹೀಗೆ ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯಾಯಿತು.

ನೆಲದ ಮೇಲೆ ಓಡಿಸುವುದೂ ಒಂದು ಕಸರತ್ತು. ಮುಂದಿನ ಚಕ್ರಕ್ಕೆ ಸ್ಟೀರಿಂಗ್ ಇಲ್ಲ, ಅದು ತರಕಾರಿ ಗಾಡಿಯ ಚಕ್ರದಂತೆ ಸುಮ್ಮನೆ ತಿರುಗುತ್ತದೆ. ಬ್ರೇಕ್ ಇರುವುದು ಕೈಯಲ್ಲಿ, ಸ್ಟಿಕ್ಕಿಗೆ ಸೇರಿಸಿದ ಒಂದು ಲಿವರ್, ಸೈಕಲ್ ಬ್ರೇಕಿನಂತೆ ಹಿಡಿಯುವುದು. ಹಿಡಿದುಕೊಂಡು ಯಾವ ಕಡೆ ರಡರ್, ಅಂದರೆ ಬಾಲದ ನೇರ ರೆಕ್ಕೆ ತಿರುಗಿಸುವ ಕಾಲಿನ ಪೆಡಲ್, ಒತ್ತುತ್ತೀರೋ ಆ ಕಡೆಯ ಚಕ್ರ ನಿಧಾನವಾಗಿ ವಿಮಾನ ಆ ಕಡೆ ತಿರುಗುತ್ತದೆ. ಅದು ಕೆಲಸ ಮಾಡುವುದು ಒತ್ತಿ ತುಂಬಿಸಿದ ಗಾಳಿಯಿಂದ, ಸುಮ್ಮನೆ ಪಿಸ್ ಪಿಸ್ ಅಂತ ಒತ್ತುತ್ತಿದ್ದರೆ ಗಾಳಿ ಇಳಿಯುತ್ತದೆ. ಮೊದಲ ದಿನ ನಾನು ಹುಲ್ಲಿನಲ್ಲಿ ನಿಂತದ್ದು ಹೀಗೇ.

ಇನ್ನು ಇಳಿಸುವುದು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮಿಗ್-21ರ ರೆಕ್ಕೆ ತ್ರಿಕೋನ, ಅದೂ ಚಿಕ್ಕದು. ವೇಗ ಇದ್ದಾಗ ಬಾಣ ಬಿಟ್ಟಂತೆ ಹೋಗುತ್ತದೆ. ನಿಧಾನ ಮಾಡಿದರೆ ತೇಲಲು ಮೂತಿ ಮೇಲೆತ್ತಿ ರೆಕ್ಕೆಯನ್ನು ಗಾಳಿಗೆ ಒಡ್ಡಬೇಕು, ಒಡ್ಡಿದಷ್ಟೂ ಗಾಳಿ ಹಿಂದಕ್ಕೆ ಎಳೆಯುತ್ತದೆ, ಎಳೆದಷ್ಟೂ ಎಂಜಿನ್ ಜಾಸ್ತಿ ಬೇಕಾಗುತ್ತದೆ. ನಿಧಾನ ಹೋಗಲು ಜಾಸ್ತಿ ಎಂಜಿನ್! ಕಾರು, ಬೈಕು ಓಡಿಸಿದ ಕೈಗೆ ಇದು ತಲೆಕೆಳಗು. ಅದರ ಜೊತೆ ಎಸ್‌ಪಿಎಸ್ ಅಂತ ಒಂದು ವ್ಯವಸ್ಥೆ ಇದೆ. ಎಂಜಿನ್ನಿನಿಂದ ಒತ್ತಿದ ಗಾಳಿಯನ್ನು ತಂದು ರೆಕ್ಕೆಯ ಹಿಂದಂಚಿನಲ್ಲಿ ಕೆಳಕ್ಕೆ ಬಾಗುವ ಫ್ಲಾಪ್ ಮೇಲೆ ಊದುತ್ತದೆ, ಇದರಿಂದ ಕಡಿಮೆ ವೇಗದಲ್ಲೂ ರೆಕ್ಕೆ ಎತ್ತಿ ಹಿಡಿಯುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ಎಂಜಿನ್ ಇಳಿಸಿದ ಕೂಡಲೇ ಊದುವುದೂ ನಿಲ್ಲುತ್ತದೆ. ಬೇರೆ ವಿಮಾನಗಳಲ್ಲಿ ರನ್‌ವೇ ಮೇಲೆ ಬಂದ ಮೇಲೆ ಥ್ರಾಟಲ್, ಅಂದರೆ ಎಂಜಿನ್ ಏರಿಸಿ ಇಳಿಸುವ ಲಿವರ್, ಹಿಂದಕ್ಕೆಳೆದರೆ ಮೆಲ್ಲಗೆ ಕೂರುತ್ತದೆ. ಇಲ್ಲಿ ಹಾಗೆ ಎಳೆದರೆ ತೆಂಗಿನಕಾಯಿ ಬಿದ್ದಂತೆ ಬೀಳುತ್ತದೆ. ತಪ್ಪಾಯಿತು ಅಂತ ಮತ್ತೆ ಮುಂದಕ್ಕೆ ತಳ್ಳಿದರೆ ಹಳೇ ಕಾಲದ ಎಂಜಿನ್, ಎಚ್ಚೆತ್ತು ತಿರುಗಲು ಕೆಲವು ಸೆಕೆಂಡ್ ಬೇಕು. ಅಷ್ಟರಲ್ಲಿ ನೆಲ ಬಂದಿರುತ್ತದೆ.

ನಾನು ನೋಟ್‌ಬುಕ್ ಇಟ್ಟಿದ್ದೆ, ಬುದ್ಧಿ ಎಲ್ಲಿ ಹೋಗುತ್ತದೆ. ಮೂರು ವಾರ, 61 ಸಲ ಇಳಿಸಿದ್ದು, ಚಕ್ರ ಮುರಿಯದೆ ಇಳಿದದ್ದು 9. ಕೊನೆಗೆ ಗೊತ್ತಾದದ್ದು ಇಷ್ಟೇ: ಇಳಿಸುವಾಗ ನೆಲ ನೋಡುವುದಕ್ಕಿಂತ ಎಂಜಿನ್ ಸದ್ದು ಕೇಳಬೇಕು. ರನ್‌ವೇ ಅಂಚಿಗೆ ಬರುವಾಗ ಗಂಟೆಗೆ 300 ಕಿ.ಮೀ. ಹತ್ತಿರ ಇಟ್ಟುಕೊಂಡು, ಎಂಜಿನ್ ಇಳಿಸದೆ, ಎಡಗೈಯಲ್ಲಿ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ, ಚಕ್ರ ತಾಗಿದ ಮೇಲಷ್ಟೇ ಥ್ರಾಟಲ್ ಪೂರ್ತಿ ಎಳೆದು ಹಿಂದಿನ ಪ್ಯಾರಾಚೂಟ್ ಬಿಚ್ಚುವುದು. ಇದು ಓದಿದರೆ ಒಂದು ವಾಕ್ಯ. ಕೈಗೆ ಬರಲು 61 ಸಲ ಬೇಕಾಯಿತು.

ಆ ಕಾಕ್‌ಪಿಟ್‌ನಲ್ಲಿ ಇನ್ನೊಂದಿದೆ. ಹಸಿರು ನೀಲಿ ಬಣ್ಣದ ಪ್ಯಾನೆಲ್ ಮಧ್ಯೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಗೆರೆ. ಅಲಂಕಾರ ಅಂದುಕೊಂಡಿದ್ದೆ. ವಿಮಾನ ಬುಗುರಿಯಂತೆ ಸುತ್ತುತ್ತಾ ಬೀಳುವಾಗ ಎಡ ಬಲ ಯಾವುದೂ ಗೊತ್ತಾಗುವುದಿಲ್ಲ, ಸ್ಟಿಕ್ ನಡುವೆ ಇದೆಯಾ ಅನ್ನುವುದೂ ಗೊತ್ತಾಗುವುದಿಲ್ಲ. ಆಗ ಸ್ಟಿಕ್ಕನ್ನು ಆ ಗೆರೆಗೆ ನೇರ ತಂದು ಹಿಡಿಯಬೇಕು. ಅದಕ್ಕೆ ಆ ಗೆರೆ. ಅದನ್ನು ಬಳಿಯುವ ಅಗತ್ಯ ಬಿತ್ತು ಅಂದರೆ ಏನರ್ಥ ಅಂತ ಯೋಚಿಸಿ ನೋಡಿ.

ಹಾಗಾದರೆ ಪೈಲಟ್ ಆಗುತ್ತೇವಾ? ಇಲ್ಲ. ಸ್ವಿಚ್ಚುಗಳ ಕ್ರಮ, ಮೀಟರ್ ಓದುವುದು, ಮುಂದೇನು ಅಂತ ಮೊದಲೇ ಯೋಚಿಸುವುದು ಬರುತ್ತದೆ. ಡಿಸಿಎಸ್‌ನ ಎ-10ಸಿ ವಿಮಾನದ ಮಾಡ್ಯೂಲ್ ಕೂಡ ಹುಟ್ಟಿದ್ದು ಅಮೆರಿಕದ ಏರ್ ನ್ಯಾಷನಲ್ ಗಾರ್ಡ್‌ಗಾಗಿ ಮಾಡಿದ ಡೆಸ್ಕ್‌ಟಾಪ್ ತರಬೇತಿ ಸಾಫ್ಟ್‌ವೇರ್‌ನಿಂದ, ಹಾಗಾಗಿ ಇದನ್ನು ಬರೀ ಆಟ ಅಂತ ತಳ್ಳಿಹಾಕಲು ಆಗುವುದಿಲ್ಲ. ಬಾರದೇ ಇರುವುದು ಮೈಯ ಕೆಲಸ. 9 ಜಿ ತಿರುವಿನಲ್ಲಿ, ಅಂದರೆ ಮೈತೂಕ ಒಂಬತ್ತು ಪಟ್ಟು ಆಗುವ ತಿರುವಿನಲ್ಲಿ, 70 ಕೆ.ಜಿ. ಮನುಷ್ಯ 630 ಕೆ.ಜಿ. ಆಗುತ್ತಾನೆ, ಹೆಲ್ಮೆಟ್ ಹೊತ್ತ ತಲೆಯನ್ನು ತಿರುಗಿಸಿ ಹಿಂದೆ ನೋಡುವುದೇ ಸಾಹಸ. ನಮ್ಮ ಮನೆಯಲ್ಲಿ ಸ್ಕ್ರೀನ್ ಮಬ್ಬಾಗುತ್ತದೆ ಅಷ್ಟೇ, ಪಕ್ಕದಲ್ಲಿ ಕಾಫಿ ಲೋಟ ಅಲ್ಲಾಡುವುದೂ ಇಲ್ಲ. ಇನ್ನೊಂದು, ನಮಗೆ ಹೆದರಿಕೆ ಇಲ್ಲ. ಬಿದ್ದರೆ ಮತ್ತೆ ಶುರು ಮಾಡುವ ಗುಂಡಿ ಇದೆ.

ನೀವು ಐದು ನಿಮಿಷಕ್ಕೆ ಬಿದ್ದದ್ದು ಬಹುಶಃ ತಿರುಗುವಾಗ, ಅಲ್ವಾ? ಹೆಚ್ಚಿನವರು ಅಲ್ಲೇ ಬೀಳುತ್ತಾರೆ. 60 ಡಿಗ್ರಿ ಓರೆಯಾಗಿ, ಎತ್ತರ ಕಳೆದುಕೊಳ್ಳದೆ ತಿರುಗಬೇಕಾದರೆ 2 ಜಿ ಎಳೆಯಬೇಕು, ಆಗ ಸ್ಟಾಲ್ ಆಗುವ, ಅಂದರೆ ರೆಕ್ಕೆಗೆ ಎತ್ತಿಹಿಡಿಯಲು ಆಗದೆ ವಿಮಾನ ಬೀಳುವ, ವೇಗ ನೇರ ಹಾರುವಾಗಿನದಕ್ಕಿಂತ ಶೇಕಡಾ 41ರಷ್ಟು ಮೇಲೇರುತ್ತದೆ. ನೇರ ಹೋಗುವಾಗ ಸಾಕಾಗಿದ್ದ ವೇಗ ತಿರುವಿನಲ್ಲಿ ಸಾಲುವುದಿಲ್ಲ. ಅದರ ಮೇಲೆ ಕೀಬೋರ್ಡಿನ ಕೀ ಅಂದರೆ ಒಂದೋ ಪೂರ್ತಿ, ಇಲ್ಲ ಸೊನ್ನೆ. ಹಾಗೆ ಎಳೆದರೆ ಯಾವ ವಿಮಾನ ತಡೆಯುತ್ತದೆ? ತಪ್ಪು ನಿಮ್ಮದಲ್ಲ, ಕೀಬೋರ್ಡಿನದು.

ಯುದ್ಧದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಮೊದಲ ಆರು ತಿಂಗಳು ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೂ ಒಂದು ಹೇಳುತ್ತೇನೆ, ಇದು ಗೊತ್ತಾದ ದಿನ ನಿದ್ದೆ ಬರಲಿಲ್ಲ. ಶತ್ರು ರಾಡಾರ್ ಹಿಡಿದಾಗ ತಿರುಗಿ ಓಡಬೇಕು ಅನಿಸುತ್ತದೆ. ಅದರ ಬದಲು ಕೆಳಗಿಳಿದು, ಅವನಿಗೆ ನಿಮ್ಮ ಪಕ್ಕೆ ತೋರಿಸಿ ಸರಿಯಾಗಿ ಅಡ್ಡಕ್ಕೆ ಹಾರಿ ನೋಡಿ. ಹತ್ತಿರ ಬರುವ, ದೂರ ಹೋಗುವ ವೇಗ ನೋಡಿ ವಿಮಾನ ಗುರುತಿಸುವ ಡಾಪ್ಲರ್ ರಾಡಾರ್ ಮೇಲಿಂದ ಕೆಳಗೆ ನೋಡುವಾಗ ನೆಲದಿಂದ ಬರುವ ಪ್ರತಿಧ್ವನಿಯನ್ನು ಸೋಸಿ ಎಸೆಯುತ್ತದೆ. ನೀವು ಅವನ ಹತ್ತಿರಕ್ಕೂ ಬರದೆ ದೂರಕ್ಕೂ ಹೋಗದೆ ಅಡ್ಡ ಹೋಗುತ್ತಿದ್ದರೆ, ಅದರ ಕಣ್ಣಿಗೆ ನೀವೂ ಗುಡ್ಡ ಮರಗಳ ಲೆಕ್ಕ, ನಿಮ್ಮನ್ನೂ ಸೋಸಿ ಎಸೆಯುತ್ತದೆ. ಇದಕ್ಕೆ ನಾಚಿಂಗ್ ಅನ್ನುತ್ತಾರೆ.

ಇನ್ನು ಸಾಮಾನು. ದೊಡ್ಡ ಸೆಟ್ ಬೇಡ. ತಿರುಚಿದರೆ ರಡರ್ ಕೆಲಸ ಮಾಡುವ ಒಂದು ಸಾಧಾರಣ ಜಾಯ್‌ಸ್ಟಿಕ್, ಅದರಲ್ಲೇ ಒಂದು ಥ್ರಾಟಲ್ ಲಿವರ್ ಇದ್ದರೆ ವರ್ಷಗಟ್ಟಲೆ ಸಾಕು. ಸೆಕೆಂಡ್ ಹ್ಯಾಂಡ್ ತಗೊಂಡರೆ ಕೊಡುವವರ ಮುಂದೆಯೇ ಲ್ಯಾಪ್‌ಟಾಪಿಗೆ ಹಾಕಿ ನೋಡಿ. ನಾನು ನೋಡದೆ ತಂದಿದ್ದೆ, ಸ್ಟಿಕ್ ಎಲ್ಲಿದೆ ಅಂತ ಉಜ್ಜಿ ಅಳೆಯುವ ಒಳಗಿನ ಪೊಟೆನ್ಷಿಯೋಮೀಟರ್ ಸವೆದಿತ್ತು, ಕೈ ಮುಟ್ಟದಿದ್ದರೂ ವಿಮಾನ ಕುಡಿದವನಂತೆ ಮೂತಿ ಅತ್ತಿತ್ತ ಹಾಕುತ್ತಿತ್ತು. ಅದನ್ನು ಆಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇರುವುದು ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ, ಅದರಲ್ಲಿ ಉಜ್ಜಿ ಸವೆಯುವ ಭಾಗ ಇಲ್ಲ. ಕಂಪ್ಯೂಟರಿಗೆ ಎಸ್‌ಎಸ್‌ಡಿ ಇರಲೇಬೇಕು. ರ್‍ಯಾಮ್ 16 ಜಿಬಿ ಆದರೆ ಏಗಬಹುದು, 32 ಆದರೆ ನೆಮ್ಮದಿ. ತಲೆ ತಿರುಗಿಸಿದರೆ ಕಾಕ್‌ಪಿಟ್ ನೋಟವೂ ತಿರುಗುವ ಹಾಗೆ ಮಾಡಲು ಓಪನ್‌ಟ್ರ್ಯಾಕ್ ಅನ್ನುವ ಸಾಫ್ಟ್‌ವೇರ್ ಇದೆ, ಉಚಿತ, ಸಾಧಾರಣ ವೆಬ್‌ಕ್ಯಾಮ್ ಸಾಕು. ಇದೊಂದನ್ನು ಮಾತ್ರ ತಪ್ಪಿಸಬೇಡಿ. ಇಳಿಯುವ ಮುನ್ನ ಪಕ್ಕಕ್ಕೆ ತಿರುಗಿ ರನ್‌ವೇ ಎಲ್ಲಿದೆ ಅಂತ ನೋಡಲು ಆಗದಿದ್ದರೆ ಎಷ್ಟು ದುಡ್ಡಿನ ಜಾಯ್‌ಸ್ಟಿಕ್ ಇದ್ದೂ ಏನು ಮಾಡುವುದು. ಆಮೇಲೆ ಯುಪಿಎಸ್. 61ರಲ್ಲಿ ಎರಡು ಸಲ ನನ್ನನ್ನು ಬೀಳಿಸಿದ್ದು ಕರೆಂಟು.

ಜಾಯ್‌ಸ್ಟಿಕ್ ಹಾಕಿದ ದಿನವೇ ಒಂದು ಕೆಲಸ ಮಾಡಿ. ಡಿಸಿಎಸ್ ಹೊಸದಾಗಿ ಸಿಕ್ಕಿಸಿದ ಪ್ರತಿಯೊಂದು ಸಾಧನಕ್ಕೂ ತಾನೇ ಕೆಲವು ಆಕ್ಸಿಸ್, ಅಂದರೆ ವಿಮಾನದ ಯಾವ ಚಲನೆಗೆ ಯಾವ ಲಿವರ್ ಅನ್ನುವುದನ್ನು, ಹಂಚಿಬಿಡುತ್ತದೆ. ನಾನು ಬೇರೆ ಥ್ರಾಟಲ್ ತಂದು ಸಿಕ್ಕಿಸಿದಾಗ ಅದಕ್ಕೂ ರೋಲ್ ಕೊಟ್ಟಿತ್ತು. ಎಂಜಿನ್ ಏರಿಸಿದರೆ ವಿಮಾನ ಎಡಕ್ಕೆ ಮಗುಚುತ್ತಿತ್ತು, ನಾನು ಎರಡು ರಾತ್ರಿ ಗಾಳಿ ಜೋರಿದೆ ಅಂದುಕೊಂಡು ಹೋರಾಡಿದೆ! ಕಂಟ್ರೋಲ್ ಪುಟದಲ್ಲಿ ಆಕ್ಸಿಸ್ ಪಟ್ಟಿ ತೆರೆದು, ಒಂದೇ ಸಾಲಿನಲ್ಲಿ ಎರಡು ಸಾಧನಕ್ಕೆ ಹೆಸರು ಬಂದಿದ್ದರೆ ಬೇಡದ್ದನ್ನು ಅಳಿಸಿ.

ದುಡ್ಡಿನ ವಿಚಾರಕ್ಕೆ ಬಂದರೆ, ಮಾಡ್ಯೂಲ್ ಈಗಲೇ ಕೊಳ್ಳಬೇಡಿ. ಉಚಿತವಾಗಿ ಬರುವ ಟಿಎಫ್-51ಡಿ ಇದೆಯಲ್ಲ, ಎರಡನೇ ಮಹಾಯುದ್ಧದ ಮಸ್ಟಾಂಗ್, ಬಂದೂಕಿಲ್ಲದ್ದು, ಅದರಿಂದ ಶುರು ಮಾಡಿ. ಎಲ್ಲರೂ ಅದನ್ನು ಬಿಟ್ಟು ಜೊತೆಗೆ ಬರುವ ಎಸ್‌ಯು-25ಟಿ ಜೆಟ್ ಹತ್ತಿ ಬಾಂಬ್ ಹಾಕಲು ಓಡುತ್ತಾರೆ. ಮಸ್ಟಾಂಗ್‌ನಲ್ಲಿ ಥ್ರಾಟಲ್ ಒಮ್ಮೆಲೇ ತಳ್ಳಿದರೆ ಪ್ರೊಪೆಲ್ಲರ್ ಎಳೆತಕ್ಕೆ ವಿಮಾನ ಎಡಕ್ಕೆ ರನ್‌ವೇಯಿಂದ ಹೊರಗೆ. ನಿಧಾನ ತಳ್ಳುತ್ತಾ ಬಲ ರಡರ್ ಕೊಡುತ್ತಾ ನೇರ ಹಿಡಿಯಲು ಕಲಿತರೆ ಆಮೇಲೆ ಯಾವ ಜೆಟ್ ಆದರೂ ಮೆದು ಅನಿಸುತ್ತದೆ. ಅದು ಬಂದ ಮೇಲೆ, ಬೇಕಾದ ಮಾಡ್ಯೂಲನ್ನು 14 ದಿನ ಪುಕ್ಕಟೆ ಟ್ರಯಲ್ ತಗೊಂಡು ನೋಡಿ. ಇಷ್ಟವಾದದ್ದನ್ನು ಒಂದೇ ಒಂದು ಕೊಂಡುಕೊಳ್ಳಿ, ಅದೂ ಸೇಲ್ ಬಂದಾಗ. ಹತ್ತು ವಿಮಾನ ಕೊಂಡು ಒಂದರ ಎಂಜಿನ್ನೂ ಸ್ಟಾರ್ಟ್ ಮಾಡಲು ಬಾರದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಸೇನೆ ಮಿಗ್-21ಕ್ಕೆ ಬೀಳ್ಕೊಡುಗೆ ಕೊಟ್ಟಿತಲ್ಲ, 1963ರಿಂದ ಸೇವೆಯಲ್ಲಿದ್ದದ್ದು. ಅವತ್ತು ಅಂಗಡಿಯಲ್ಲಿ ಮೊಬೈಲಿನಲ್ಲಿ ನೋಡುತ್ತಿದ್ದೆ. ಪಕ್ಕದ ಹುಡುಗ ನೀರಿನ ಸಲ್ಯೂಟ್ ನೋಡಿ ಸಾರ್ ಸೂಪರ್ ಅಂದ. ನಾನು ಅದಕ್ಕೂ ಮೊದಲು, ವಿಮಾನ ಮೂತಿ ಎತ್ತಿಕೊಂಡು ಇಳಿಯಲು ಬರುತ್ತಿದ್ದಾಗಲೇ, ಎಡಗೈಯಲ್ಲಿ ಮೇಜಿನ ಅಂಚು ಹಿಡಿದು ಒಂದಿಷ್ಟು ಮುಂದಕ್ಕೆ ತಳ್ಳುತ್ತಿದ್ದೆ. ಚಕ್ರ ತಾಗಿದ ಮೇಲೆ ಬಿಟ್ಟೆ.