ಸಂಗೀತದ ಗಂಧಗಾಳಿ ಇಲ್ಲದವರು ಮ್ಯೂಸಿಕ್ ಕಾಪಿರೈಟ್ ಮೂಟ್ ಕೋರ್ಟ್‌ಗೆ ಹೋಗಬಹುದಾ?

ಧಾರಾಳವಾಗಿ ಹೋಗಿ, ಮೂಟ್ ಅಂದರೆ ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ಸ್ಪರ್ಧೆ, ಸಂಗೀತ ಕಚೇರಿಯಲ್ಲ. ಸಂಗೀತ ಬಲ್ಲವರೊಬ್ಬರನ್ನು ತಂಡಕ್ಕೆ ಸೇರಿಸಿಕೊಂಡು ಅವರನ್ನೇ ಸ್ಪೀಕರ್ (ವಾದ ಮಂಡಿಸುವವರು) ಮಾಡಲಾ ಅಂತಲೂ ಕೇಳಿದ್ದೀರಲ್ಲ, ಅದೊಂದು ಮಾತ್ರ ಬೇಡ. ನಮ್ಮ ತಂಡದಲ್ಲಿ ಆ ಸಂಗೀತ ಬಲ್ಲ ಸ್ಪೀಕರ್ ನಾನೇ. ಪ್ರಿಲಿಮ್ಸ್‌ನಲ್ಲೇ ಮನೆಗೆ ಬಂದೆವು.

ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಪಾಸು ಮಾಡಿದ ಜಂಬ ನನಗಿತ್ತು. ಪ್ರಾಬ್ಲಂ, ಅಂದರೆ ವಾದಿಸಲು ಕೊಟ್ಟ ಕಾಲ್ಪನಿಕ ಕೇಸು, ಹೀಗಿತ್ತು: ಕ್ಯಾಸೆಟ್ ಕಂಪನಿಯೊಂದು ಎಂಬತ್ತರ ದಶಕದಲ್ಲಿ ಹೊರತಂದ ಭಾವಗೀತೆಯ ಧಾಟಿಗೆ ಈಗಿನ ಬ್ಯಾಂಡೊಂದು ಬೇರೆ ಸಾಹಿತ್ಯ ಕೂರಿಸಿ, ತಾನೇ ಹಾಡಿ, ಜಾಹೀರಾತಿಗೆ ಮಾರಿದೆ. ಕಂಪನಿ ದಾವೆ ಹೂಡಿದೆ. ನಾವು ಕಂಪನಿಯ ಪರ. ಎರಡರದ್ದೂ ಮೋಹನ ರಾಗ, ಜೊತೆಗೆ ಸ್ವರಲಿಪಿಯ ಅನುಬಂಧ ಬೇರೆ. ನನಗಂತೂ ಹಬ್ಬ.

ಮೋಹನದಲ್ಲಿ ಇರುವುದೇ ಐದು ಸ್ವರ, ಹೋಲಿಕೆ ಸಹಜ ಅಂತ ಎದುರಿನವರು ವಾದಿಸುತ್ತಾರೆಂದು ಲೆಕ್ಕ ಹಾಕಿ ಅದಕ್ಕೇ ತಯಾರಾದೆ. ರಾಗ ಯಾರ ಸ್ವತ್ತೂ ಅಲ್ಲ, ಆದರೆ ಸ್ವರಗಳನ್ನು ಹೀಗೇ ಹೆಣೆದದ್ದು ಸ್ವಂತ ಕೃತಿ ಅಂತ ನನ್ನ ವಾದ. ಅನುಮತಿ ಕೇಳಿ ಎರಡೂ ಪಲ್ಲವಿಗಳನ್ನು ಬೆಂಚಿನ ಮುಂದೆ ಹಾಡಿಯೂಬಿಟ್ಟೆ. (ನಗಬೇಡಿ, ಶ್ರುತಿ ಸರಿಯಾಗಿಯೇ ಇತ್ತು.) ನಡುವೆ ಕೂತಿದ್ದ ಹಿರಿಯ ವಕೀಲರು ಪೂರ್ತಿ ಕೇಳಿಸಿಕೊಂಡು, 'ಧಾಟಿ ಒಂದೇ, ಒಪ್ಪಿದೆ. ಆ ಧಾಟಿ ನಿಮ್ಮ ಕಕ್ಷಿದಾರರದ್ದಾ?' ಅಂದರು.

ನನ್ನ ಬಳಿ ಉತ್ತರ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು 'ಹಾಡು' ಅಂತ ಒಂದೇ ಉಸಿರಲ್ಲಿ ಹೇಳುವುದು 1957ರ ಕಾಪಿರೈಟ್ ಕಾಯ್ದೆಗೆ ಮೂರು ಬೇರೆ ಬೇರೆ ವಸ್ತು. ಸಾಹಿತ್ಯ ಒಂದು ಕೃತಿ. ಧಾಟಿ ಇನ್ನೊಂದು, ಸಂಗೀತ ಕೃತಿಯಲ್ಲಿ ಪದಗಳು ಸೇರುವುದಿಲ್ಲ ಅಂತ ಸೆಕ್ಷನ್ 2(ಪಿ) ಬಾಯಿಬಿಟ್ಟು ಹೇಳುತ್ತದೆ. ಧ್ವನಿಮುದ್ರಣ ಮೂರನೆಯದು. ಒಂದೊಂದಕ್ಕೂ ಬೇರೆ ಒಡೆಯ ಇರಬಹುದು, ಅವಧಿಯೂ ಬೇರೆ: ಸಾಹಿತ್ಯ, ಧಾಟಿಗಳಿಗೆ ಕರ್ತೃ ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ. 1964ರ ಗ್ರಾಮಫೋನ್ ತಟ್ಟೆಯೊಂದರ ಮುದ್ರಣದ ಹಕ್ಕು 2024ರ ಕೊನೆಗೆ ಮುಗಿದಿದ್ದರೂ ಅದರ ಧಾಟಿಯ ಹಕ್ಕು ಇನ್ನೂ ಉಳಿದಿರಬಹುದು.

ಅನುಬಂಧದ ಕರಾರಿನಲ್ಲಿ ನಮ್ಮ ಕಂಪನಿಗೆ ಬರೆದುಕೊಟ್ಟದ್ದು ಧ್ವನಿಮುದ್ರಣದ ಹಕ್ಕು ಮಾತ್ರ. ಬ್ಯಾಂಡಿನವರು ಹಳೆಯ ಮುದ್ರಣದ ಒಂದು ತುಣುಕನ್ನೂ ಮುಟ್ಟಿರಲಿಲ್ಲ, ಹೊಸದಾಗಿ ಹಾಡಿದ್ದರು. ಮುದ್ರಣವನ್ನೇ ಬಳಸದೆ, ಅದೇ ಧಾಟಿಯನ್ನು ಇನ್ನೊಬ್ಬರು ಹಾಡಿ ರೆಕಾರ್ಡ್ ಮಾಡಿದರೆ ಸೆಕ್ಷನ್ 14(ಇ) ಅಡಿ ಧ್ವನಿಮುದ್ರಣದ ಹಕ್ಕಿಗೆ ಧಕ್ಕೆಯಿಲ್ಲ. ಅಂದರೆ ನಾನು ಅಷ್ಟು ಹೊತ್ತು ಸಾಬೀತು ಮಾಡಿದ್ದು ಸಂಯೋಜಕರ ಕೇಸು. ಸಂಯೋಜಕರು ದಾವೆಯಲ್ಲಿ ಕಕ್ಷಿದಾರರೇ ಅಲ್ಲ!

ಇಷ್ಟೇ ಆಗಿದ್ದರೆ ಪ್ರಾಬ್ಲಂ ಕೊಟ್ಟವರನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಹೊಟ್ಟೆ ಉರಿಯುವ ವಿಷಯವೆಂದರೆ ದಾರಿ ಆ ಪ್ರಾಬ್ಲಂನಲ್ಲೇ ಇತ್ತು. ಸಂಯೋಜಕರು 'ಕಂಪನಿಯಲ್ಲಿ ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದರು' ಅಂತ ಒಂದು ಸಾಲು. ನಾನು ಅದನ್ನು 'ಪಾಪ, ಬಡ ಕಲಾವಿದ' ಅಂತ ಓದಿಕೊಂಡೆ. ವಕೀಲನಾಗುವವನು ಅದನ್ನು ಸೆಕ್ಷನ್ 17(ಸಿ) ಅಂತ ಓದಬೇಕು: ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನೇ ಮೊದಲ ಒಡೆಯ. ಧಾಟಿ ಮೊದಲಿಂದಲೇ ನಮ್ಮದು, ಕರಾರಿನಲ್ಲಿ ಅದನ್ನು ಬರೆದುಕೊಡುವ ಅಗತ್ಯವೇ ಇರಲಿಲ್ಲ ಅನ್ನಬಹುದಿತ್ತು. ಆ ಕರಾರೇ 'ಬೇರೆ ಒಪ್ಪಂದ' ಅಂತ ಎದುರಿನವರು ಹೇಳುತ್ತಿದ್ದರು, ಹೇಳಲಿ, ಜಗಳಕ್ಕೆ ನೆಲವಾದರೂ ಸಿಗುತ್ತಿತ್ತು. ರೌಂಡಿಗೆ ಮುಂಚೆ ಕಾರಿಡಾರಿನಲ್ಲಿ ನನ್ನನ್ನೇ 'ಮೋಹನ ಅಂದ್ರೆ ಯಾರು?' ಅಂತ ಕೇಳಿದ್ದ ಎದುರು ತಂಡದ ಹುಡುಗಿ ಕರಾರಿನ ಆ ಕಲಮನ್ನು ನಿಧಾನವಾಗಿ ಓದಿ ಕೂತಳು. ಅವಳಿಗೆ ಅಷ್ಟೇ ಸಾಕಾಯಿತು.

ಬೇರೆ ವಿಷಯದ ಮೂಟ್ ನೋಡಲಾ ಅಂತಲೂ ಕೇಳಿದ್ದೀರಿ. ಯಾಕೆ? ನಿಮಗೆ ಬೇಕಿರುವುದು ರಾಗಜ್ಞಾನ ಅಲ್ಲ, ಜಮೀನಿನ ಪತ್ರ ಓದುವ ಕಣ್ಣು. ಡಾಗರ್–ರೆಹಮಾನ್ ಪ್ರಕರಣವನ್ನೇ ನೋಡಿ: ಎ.ಆರ್. ರೆಹಮಾನ್ ಅವರ 'ವೀರ ರಾಜ ವೀರ' ಹಾಡು ತಮ್ಮ ಮನೆತನದ 'ಶಿವ ಸ್ತುತಿ'ಯ ನಕಲು ಅಂತ ಧ್ರುಪದ್ ಗಾಯಕ ಡಾಗರ್ ಹೂಡಿದ ದಾವೆ ಅದು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಎರಡೂ ರಚನೆಗಳ ಹೋಲಿಕೆ ಗಮನಿಸಿ ಡಾಗರ್ ಪರ ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು: ಹಾಡಿದವರು ಅಂದಮಾತ್ರಕ್ಕೆ ಸಂಯೋಜಕರೂ ಅವರೇ ಅಂತ ಆಗುವುದಿಲ್ಲ. ಅಷ್ಟು ದೊಡ್ಡ ಕೇಸೂ 'ಯಾರದ್ದು?' ಅನ್ನುವಲ್ಲೇ ತಿರುಗಿತು. 'ಕಾಂತಾರ' ಸಿನಿಮಾದ 'ವರಾಹ ರೂಪಂ' ಹಾಡಿನ ನಕಲು ಗಲಾಟೆಯನ್ನು ಎಳೆದು ತರುವ ಆಸೆ ನಿಮಗೂ ಬರುತ್ತದೆ. 2022ರಲ್ಲಿ ಕೇರಳದ ಕೋರ್ಟುಗಳಿಂದ ಬಂದದ್ದು ಮಧ್ಯಂತರ ಆದೇಶಗಳು, ಅದರ ಮೇಲೆ ಹೆಚ್ಚು ಭಾರ ಹಾಕಬೇಡಿ. ಸಿನಿಮಾ ಹಾಡಾದರೆ ಸುಪ್ರೀಂ ಕೋರ್ಟಿನ 1977ರ ಐಪಿಆರ್‌ಎಸ್ (ಕವಿ, ಸಂಯೋಜಕರ ಹಕ್ಕು ನೋಡಿಕೊಳ್ಳುವ ಸಂಘ) ತೀರ್ಪು, ಅದರ ಬೆನ್ನಿಗೇ 2012ರ ತಿದ್ದುಪಡಿ ಓದಿ. ಮೊದಲನೆಯದು ನಿರ್ಮಾಪಕರ ಕೈ ಹಿಡಿಯಿತು, ಎರಡನೆಯದು ಕವಿ, ಸಂಯೋಜಕರ ರಾಯಧನ ಕಾಪಾಡಿತು. ಒಂದನ್ನು ಮಾತ್ರ ಓದಿ ಹೋದರೆ ಬೆಂಚು ಬಿಡುವುದಿಲ್ಲ.

ಸಂಗೀತ ಬಲ್ಲ ಸ್ನೇಹಿತರು ಬಂದೇ ಬರುತ್ತೇನೆ ಅಂದರೆ ರಿಸರ್ಚರ್ ಮಾಡಿ, ಅನುಬಂಧಗಳನ್ನು ಓದಿಸಿ. ಪ್ರಾಬ್ಲಂ ಬಗ್ಗೆ ಆಯೋಜಕರಲ್ಲಿ ಕ್ಲಾರಿಫಿಕೇಶನ್ ಕೇಳಲು ಕೊನೆಯ ದಿನ ಯಾವತ್ತು ಅಂತ ಈಗಲೇ ನೋಡಿಕೊಳ್ಳಿ. ಸಾಹಿತ್ಯ, ಧಾಟಿ, ಮುದ್ರಣ, ಈ ಮೂರರಲ್ಲಿ ಯಾವುದರ ಹಕ್ಕು ಯಾರ ಹೆಸರಲ್ಲಿದೆ ಅನ್ನುವುದು ಪ್ರಾಬ್ಲಂನಲ್ಲಿ ಸ್ಪಷ್ಟವಿಲ್ಲದಿದ್ದರೆ ಮೊದಲ ಪ್ರಶ್ನೆಯಾಗಿ ಅದನ್ನೇ ಕಳಿಸಿ.