ಫಂಡಿ ಕೊಲ್ಲಿಯ ದಂಡೆಯಲ್ಲಿ ಆರ್‌ವಿ ಗುಂಪಿನ ಜೊತೆ ಹೋಗುವುದು ಒಳ್ಳೆಯದೇ?

ಬಾಸ್ಟನ್‌ನಿಂದ ಬಾಡಿಗೆ ಮೋಟರ್‌ಹೋಮ್ ತೆಗೆದುಕೊಂಡು ಕೆನಡಾದ ಫಂಡಿ ಕೊಲ್ಲಿಗೆ ಸೆಪ್ಟೆಂಬರಿನಲ್ಲಿ ಹೋಗಬೇಕೆಂದಿದ್ದೇವೆ, ಗಂಡ ಹೆಂಡತಿ ಇಬ್ಬರೇ ಹೋಗುವುದೋ ಅಥವಾ ಕ್ಯಾರವಾನ್ (ಆರ್‌ವಿಗಳು, ಅಂದರೆ ಮನೆಯಂತಿರುವ ಗಾಡಿಗಳು, ಗುಂಪಾಗಿ ಹೋಗುವ ಪ್ರವಾಸ) ಸೇರುವುದೋ ಎಂದು ಕೇಳಿದ್ದೀರಿ. ನಾವಿಬ್ಬರೂ ಹತ್ತೊಂಬತ್ತು ಗಾಡಿಗಳ ಒಂದು ಗುಂಪಿನಲ್ಲಿ ಮೂರು ವಾರ ಹೋಗಿ ಬಂದೆವು. ಅದೇ ನಮ್ಮ ಮೊದಲ ಆರ್‌ವಿ ಪ್ರವಾಸ. ಸೇರಿ ಎನ್ನುತ್ತೇನೆ. ಆದರೆ ಹಣ ಕಟ್ಟುವ ಮೊದಲು ದಿನವಾರು ವೇಳಾಪಟ್ಟಿ ಕೇಳಿ ನೋಡಿ. ಅದರಲ್ಲಿ ಎಲ್ಲ ದಿನವೂ ‘ಬೆಳಿಗ್ಗೆ 9ಕ್ಕೆ ಹೊರಡುವುದು’ ಎಂದಿದ್ದರೆ ಆ ಗುಂಪು ಬೇಡ.

ಯಾಕೆಂದರೆ ಅಲ್ಲಿ ಗಡಿಯಾರದ ಮಾತು ನಡೆಯುವುದಿಲ್ಲ, ಕಡಲಿನದೇ ಮಾತು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಕೊಲ್ಲಿಯ ಉದ್ದ ಮತ್ತು ಆಳ ಎಷ್ಟಿದೆಯೆಂದರೆ, ಅದರೊಳಗಿನ ನೀರು ತಾನಾಗಿ ಆಚೀಚೆ ತೂಗಾಡಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಬೋಗುಣಿಯ ನೀರನ್ನು ಅದರ ತೂಗಾಟಕ್ಕೆ ಸರಿಯಾಗಿ ಅಲ್ಲಾಡಿಸುತ್ತ ಹೋದರೆ ಅಂಚು ಮೀರಿ ಚೆಲ್ಲುತ್ತದಲ್ಲ, ಹಾಗೆ. ನೋವಾ ಸ್ಕೋಷಿಯಾ ಪ್ರಾಂತ್ಯದ ಕಡೆಯ ಬರ್ನ್ಟ್‌ಕೋಟ್ ಹೆಡ್‌ನಲ್ಲಿ ಏರಿಳಿತದ ಅಂತರ 16 ಮೀಟರ್‌ವರೆಗೆ ಹೋಗುತ್ತದೆ, ಜಗತ್ತಿನಲ್ಲೇ ಹೆಚ್ಚು. 12 ಗಂಟೆ 25 ನಿಮಿಷದ ಲೆಕ್ಕದಲ್ಲಿ ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಲಿಟ್ಟು ನಡೆದ ಜಾಗಕ್ಕೆ ಶುಕ್ರವಾರ ಅದೇ ಹೊತ್ತಿಗೆ ಹೋದರೆ ನೀರು ಇನ್ನೂ ಇಳಿಯುತ್ತಲೇ ಇರುತ್ತದೆ.

ಕೊಲ್ಲಿಯ ದಂಡೆಯ ಕಲ್ಲುಕಂಬಗಳಿಗೆ ಹೆಸರಾದ ಹೋಪ್‌ವೆಲ್ ರಾಕ್ಸ್‌ನಲ್ಲಿ ನಮ್ಮ ನಾಯಕ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಒಂದು ಸಂಜೆ ಇಳಿತದಲ್ಲಿ ಕೆಳಗಿಳಿಸಿ ಕಡಲ ತಳದ ಮೇಲೆ ನಡೆಸಿದ. ಮರುದಿನ ಉಬ್ಬರಕ್ಕೆ ಮತ್ತೆ ಅಲ್ಲಿಗೇ ಕರೆದೊಯ್ದ. ಹಿಂದಿನ ಸಂಜೆ ಕತ್ತೆತ್ತಿ ನೋಡಿದ್ದ, ತಲೆಯ ಮೇಲೆ ಮರಗಳನ್ನು ಹೊತ್ತ ಕಲ್ಲುಕಂಬಗಳು ಈಗ ಪುಟ್ಟ ದ್ವೀಪಗಳಾಗಿದ್ದವು, ನಡುವೆ ಕಯಾಕ್‌ಗಳು ಹೋಗುತ್ತಿದ್ದವು. ಒಂದೇ ಸಲ ನೋಡಿ ಬಂದವರು ಅರ್ಧ ಮಾತ್ರ ನೋಡಿದಂತೆ. ಅಲ್ಲಿನ ಎಲಿಫಂಟ್ ರಾಕ್ 2016ರ ಮಾರ್ಚ್‌ನಲ್ಲಿ ಒಂದು ಭಾಗ ಕುಸಿದುಬಿದ್ದಿದೆ, ಹಳೆಯ ಫೋಟೊ ಹಿಡಿದು ಹುಡುಕಬೇಡಿ. ಬಂಡೆಯ ಬುಡಕ್ಕೆ ಒರಗಿ ನಿಲ್ಲಲೂ ಬೇಡಿ. ಕೆಂಪು ಕೆಸರು ಜಾರುತ್ತದೆ, ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ಎಸೆಯಲು ತಯಾರಿರುವ ಬೂಟು ಹಾಕಿಕೊಂಡು ಹೋಗಿ. ನೀರು ಏರುವಾಗ ಮೊದಲ ಗಂಟೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ನಡುವಿನ ಎರಡು ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. ಸಿಬ್ಬಂದಿ ಮೇಲೆ ಬನ್ನಿ ಎಂದು ಕರೆದಾಗ ಇನ್ನೊಂದು ಫೋಟೊ ಅನ್ನಬೇಡಿ.

ನಾವು ಎಡವಿದ್ದು ಗಡಿಯಲ್ಲಿ. ಮೇನ್ ರಾಜ್ಯದ ಕ್ಯಾಲಿಸ್‌ನಿಂದ (ಫ್ರಾನ್ಸಿನ ಊರಿನ ಹಾಗೆ ‘ಕ್ಯಾಲೆ’ ಎಂದರೆ ಅಲ್ಲಿಯವರು ನಗುತ್ತಾರೆ) ಸೇತುವೆ ದಾಟಿ ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಸ್ಟೀಫನ್‌ಗೆ ಬಂದರೆ ಹೊತ್ತು ಒಂದು ಗಂಟೆ ಮುಂದೆ. ಫೋನ್ ತಾನೇ ಬದಲಾಯಿತು, ಗಾಡಿಯೊಳಗಿನ ಗೋಡೆ ಗಡಿಯಾರ ಬದಲಾಗಲಿಲ್ಲ. ಮರುದಿನ ಸೇಂಟ್ ಆಂಡ್ರೂಸ್ ಪಕ್ಕದ ಮಿನಿಸ್ಟರ್ಸ್ ಐಲ್ಯಾಂಡ್‌ಗೆ ಹೋಗುವುದಿತ್ತು. ಇಳಿತದಲ್ಲಿ ಮಾತ್ರ ಕಡಲ ತಳದ ಜಲ್ಲಿದಾರಿಯ ಮೇಲೆ ಕಾರು ಓಡಿಸಿಕೊಂಡು ಹೋಗುವ ದ್ವೀಪ ಅದು. ಕೆನಡಿಯನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷರಾಗಿದ್ದ ವಿಲಿಯಂ ವ್ಯಾನ್ ಹಾರ್ನ್ ಅವರ ಬೇಸಿಗೆ ಮನೆ ಅಲ್ಲಿದೆ. ಗೋಡೆ ಗಡಿಯಾರ ನೋಡಿಕೊಂಡು ನಿಧಾನವಾಗಿ ತಿಂಡಿ ತಿಂದು ಹೋದರೆ ನಮ್ಮವರ ಕಾರುಗಳು ವಾಪಸ್ ಬರುತ್ತಿದ್ದವು. ಸ್ವಲ್ಪ ಹೊತ್ತಿನಲ್ಲೇ ರಸ್ತೆ ನೀರಿನಡಿ ಹೋಯಿತು. ದಡದಲ್ಲಿ ಕೂತು ಅದನ್ನೇ ನೋಡಿದೆವು. ನನ್ನ ಹೆಂಡತಿ ಅವತ್ತೇ ಆ ಗಡಿಯಾರದ ಸೆಲ್ ಕಿತ್ತಿಟ್ಟಳು.

ಗುಂಪು ಎಂದ ತಕ್ಷಣ ಹತ್ತೊಂಬತ್ತು ಗಾಡಿಗಳು ದಿಬ್ಬಣದ ಹಾಗೆ ಸಾಲಾಗಿ ಹೋಗುತ್ತವೆ ಅಂದುಕೊಳ್ಳಬೇಡಿ. ಎರಡು ಮೂರು ಗಾಡಿಗಳಂತೆ ಬಿಟ್ಟು ಬಿಟ್ಟು ಹೊರಡುತ್ತವೆ. ಮುಂದೆ ಹೋಗುವ ನಾಯಕ ವ್ಯಾಗನ್ ಮಾಸ್ಟರ್, ಎಲ್ಲರಿಗಿಂತ ಹಿಂದೆ ಬರುವವನು ಟೇಲ್ ಗನ್ನರ್. ಕೊಟ್ಟ ದುಡ್ಡಿಗೆ ನಿಜವಾದ ಬೆಲೆ ಬಂದದ್ದು ಈ ಹಿಂದಿನವನಿಂದ. ಒಂದು ಬೆಳಿಗ್ಗೆ ನಮ್ಮ ಗಾಡಿಯ ಸ್ಲೈಡ್‌ಔಟ್ (ಪಕ್ಕಕ್ಕೆ ಹೊರಚಾಚುವ ಕೋಣೆಯ ಭಾಗ) ಒಳಗೆ ಬರಲೇ ಇಲ್ಲ. ಬಾಡಿಗೆ ಕಂಪನಿಗೆ ಫೋನ್ ಮಾಡಿದರೆ ಕಾಯಿರಿ ಎಂದರು. ಎಪ್ಪತ್ತು ದಾಟಿದ ಆ ಮನುಷ್ಯ ಸ್ಪ್ಯಾನರ್ ಹಿಡಿದು ಗಾಡಿಯಡಿ ಮಲಗಿ, ಕೈಯಲ್ಲೇ ತಿರುಗಿಸಿ ಅರ್ಧ ಗಂಟೆಯಲ್ಲಿ ಒಳಗೆ ಸೇರಿಸಿಕೊಟ್ಟ. ನಾವಿಬ್ಬರೇ ಇದ್ದಿದ್ದರೆ ಆ ದಿನ ಅಲ್ಲೇ ಕಳೆಯಬೇಕಿತ್ತು.

ಕಿರಿಕಿರಿಯೂ ಇದೆ. ಹೊರಡುವ ದಿನ ಬೆಳಿಗ್ಗೆ ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ಉದ್ದ ಸಾಲು. ಹಿಂದಿನ ಸಂಜೆಯೇ ಆ ಕೆಲಸ ಮುಗಿಸಿ. ಎರಡು ದಿನಕ್ಕೊಮ್ಮೆ ಎಲ್ಲರೂ ಅಡುಗೆ ತಂದು ಕೂತು ಉಣ್ಣುವುದು, ಮರುದಿನದ ಸಭೆ, ಮತ್ತೆ ಹರಟೆ. ನನಗೆ ಎರಡನೇ ವಾರಕ್ಕೇ ಸಾಕಾಗಿತ್ತು. ತಲೆನೋವು ಎಂದು ಹೇಳಿ ಒಂದೆರಡು ಸಂಜೆ ತಪ್ಪಿಸಿಕೊಂಡೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಈ ಕ್ಯಾರವಾನ್ ಹುಚ್ಚಿಗೂ ಈ ಕೊಲ್ಲಿಗೂ ಹಳೆಯ ನಂಟಿದೆ: ಏರ್‌ಸ್ಟ್ರೀಮ್ ಟ್ರೇಲರ್ ಕಂಪನಿ ಕಟ್ಟಿದ ವಾಲಿ ಬೈಯಮ್ ಅವರ ಹೆಸರಿನ ಕ್ಯಾರವಾನ್ ಕ್ಲಬ್ ಹುಟ್ಟಿದ್ದು 1955ರಲ್ಲಿ, ನೋವಾ ಸ್ಕೋಷಿಯಾದ ಕೆಂಟ್‌ವಿಲ್‌ನಲ್ಲಿ.

ಮಾಂಕ್ಟನ್ನಿನಲ್ಲಿ ಪೆಟಿಕೋಡಿಯಾಕ್ ನದಿಯನ್ನು ಎದುರೇರಿ ಬರುವ ಉಬ್ಬರದ ಅಲೆ ನೋಡಲು ನಮ್ಮ ಗುಂಪು ಒಂದಿಡೀ ಮಧ್ಯಾಹ್ನ ಕೊಟ್ಟಿತು. 1968ರ ಅಡ್ಡಕಟ್ಟೆಯಿಂದ ಸೊರಗಿದ್ದ ಅಲೆ, 2010ರಲ್ಲಿ ಗೇಟುಗಳನ್ನು ತೆರೆದ ಮೇಲೆ ಚೇತರಿಸಿಕೊಂಡಿದೆ ನಿಜ. ಆದರೂ ನಾವು ನೋಡಿದ ದಿನ ಮೊಣಕಾಲೆತ್ತರದ ಒಂದು ಗೆರೆ ಬಂದು ಹೋಯಿತು, ಅಷ್ಟೇ. ಸೇಂಟ್ ಜಾನ್‌ನ ರಿವರ್ಸಿಂಗ್ ಫಾಲ್ಸ್ ನನಗೆ ಅದಕ್ಕಿಂತ ಹೆಚ್ಚು ಹಿಡಿಸಿತು. ಇಳಿತದಲ್ಲಿ ನದಿ ಕಡಲಿಗೆ ಧುಮುಕುತ್ತದೆ, ಉಬ್ಬರದಲ್ಲಿ ಕಡಲು ನದಿಯನ್ನು ಹಿಂದಕ್ಕೆ ತಳ್ಳುತ್ತದೆ. ನಡುವೆ ಸ್ವಲ್ಪ ಹೊತ್ತು ಎಲ್ಲ ಸುಮ್ಮನಾಗುತ್ತದೆ, ದೋಣಿಗಳು ದಾಟುವುದು ಆಗಲೇ.

ಇನ್ನು ಕಾಗದಪತ್ರ. ಗುಂಪಿನವರು ಎಲ್ಲರ ಬಳಿಯೂ ಅಮೆರಿಕದ ಪಾಸ್‌ಪೋರ್ಟ್ ಇದೆ ಎಂದುಕೊಂಡೇ ಸೂಚನೆ ಕಳಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದು ಎಚ್1ಬಿ ವೀಸಾದಲ್ಲಿದ್ದರೆ ಕೆನಡಾದ ವಿಸಿಟರ್ ವೀಸಾ ಬೇಕು, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಗ್ರೀನ್ ಕಾರ್ಡ್ ಇದ್ದರೆ ಅದು ಮತ್ತು ಪಾಸ್‌ಪೋರ್ಟ್ ಎರಡನ್ನೂ ಇಟ್ಟುಕೊಳ್ಳಿ. ಗಾಡಿಯನ್ನು ಕೆನಡಾಕ್ಕೆ ಒಯ್ಯಬಹುದು ಎಂದು ಬಾಡಿಗೆ ಕರಾರಿನಲ್ಲಿ ಬರೆಸಿಕೊಳ್ಳಿ, ವಿಮೆಯೂ ಅಲ್ಲಿಗೆ ಅನ್ವಯಿಸಬೇಕು. ಕ್ಯಾಂಪ್‌ಫೈರ್‌ಗೆಂದು ಸೌದೆ ಹೊತ್ತು ಗಡಿ ದಾಟಬೇಡಿ. ಸೇಂಟ್ ಜಾನ್‌ನಿಂದ ನೋವಾ ಸ್ಕೋಷಿಯಾದ ಡಿಗ್ಬಿಗೆ ಫೆರಿ ಹತ್ತುವುದಾದರೆ ಗಾಡಿಯ ಪ್ರೊಪೇನ್ ಗ್ಯಾಸ್ ಬಂದ್ ಮಾಡಬೇಕು. ಫಂಡಿ ರಾಷ್ಟ್ರೀಯ ಉದ್ಯಾನದಿಂದ ಆಲ್ಮಾ ಊರಿಗೆ ಇಳಿಯುವ ರಸ್ತೆ ಕಡಿದಾಗಿದೆ, ಮೇಲಿನಿಂದಲೇ ಕಡಿಮೆ ಗೇರಿಗೆ ಹಾಕಿ.

ಸೆಪ್ಟೆಂಬರ್ ಒಳ್ಳೆಯ ಆಯ್ಕೆ, ಬೇಸಿಗೆಯ ಆರಂಭದಷ್ಟು ಮಂಜು ಕಾಡುವುದಿಲ್ಲ. ಎರಡು ತಾರೀಖುಗಳಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ, ಹೋಪ್‌ವೆಲ್‌ನಲ್ಲಿರುವ ದಿನ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು ಬರುವಂಥದ್ದನ್ನು ಹಿಡಿಯಿರಿ. ನೀರು ಹೆಚ್ಚು ಏರುವುದೂ ಹೆಚ್ಚು ಇಳಿಯುವುದೂ ಆಗಲೇ.